ಮೇಷ್ಟ್ರ ಕಾರಿಗೆ ಅರ್ತ್ ಸಿಗ್ತಿರ್ಲಿಲ್ಲ

ಹಳೇ ಕಾರುಗಳಲ್ಲಿ ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡೋಕೆ ಚೋಕ್ ಎಳೆಯೋ ನಾಬ್ ಇದೆಯಲ್ಲ, ಅದರ ಹಿಂದಿನ ಕಬ್ಬಿಣದ ಕಡ್ಡಿ ಬಿಸಿಯಾಗಿತ್ತು. ಕೈ ಸುಡೋಷ್ಟಲ್ಲ, ಆಗಷ್ಟೇ ಕಾಫಿ ಕುಡಿದಿಟ್ಟ ಸ್ಟೀಲ್ ಲೋಟ ಇರುತ್ತಲ್ಲ, ಅಷ್ಟು. ಜುಲೈ ತಿಂಗಳು, ಬೆಳಿಗ್ಗೆ ಏಳೂವರೆ, ಹೊರಗೆ ಮಳೆ ಹಿಡ್ಕೊಂಡು ಕೂತಿತ್ತು, ಸೀಟು ತಣ್ಣಗೆ, ಸ್ಟೇರಿಂಗ್ ತಣ್ಣಗೆ, ಗೇರ್ ರಾಡ್ ತಣ್ಣಗೆ, ಇದೊಂದು ಕಡ್ಡಿ ಮಾತ್ರ ಬೆಚ್ಚಗೆ. ಆರೇಳು ಸಲ ಕೀ ತಿರುಗ್ಸಿದ್ದೆ, ಒಂದೊಂದು ಸಲಾನೂ ಸ್ಟಾರ್ಟರ್ ಮುದುಕರು ಮೆಟ್ಟಿಲು ಹತ್ತಿದ ಹಾಗೆ ಒಂದ್ ಸುತ್ತು ತಿರುಗಿ ನಿಂತುಬಿಡ್ತಿತ್ತು. ಸಣ್ಣಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬೇರೆ. ಕಾಲೇಜಿಗೆ ಲೇಟಾಗ್ತಿತ್ತು ಅಂತ ಕೊಡೆ ತಗೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ, ಕಡ್ಡಿ ಯಾಕೆ ಬಿಸಿ ಇತ್ತು ಅನ್ನೋದು ತಲೆಗೆ ಬಂದ್ರೂ ನಿಲ್ಲಲಿಲ್ಲ.

ನಾನು ಶಿವಮೊಗ್ಗದಲ್ಲಿ ಪಿಯು ಕಾಲೇಜಲ್ಲಿ ಫಿಸಿಕ್ಸ್ ಲೆಕ್ಚರರ್. ಹದಿನಾಲ್ಕು ವರ್ಷದಿಂದ ಓಮ್ಸ್ ಲಾ, ಇಂಟರ್ನಲ್ ರೆಸಿಸ್ಟೆನ್ಸ್, ವೀಟ್‌ಸ್ಟನ್ ಬ್ರಿಡ್ಜ್ ಅಂತ ಮಕ್ಕಳ ತಲೆ ತಿಂದಿದ್ದೀನಿ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬರೋದೆಲ್ಲಾ ನನ್ನ ಮರ್ಯಾದೆ ಪ್ರಶ್ನೆ.

ಕಾರು ಅಪ್ಪಂದು. 1998ರ ಮಾರುತಿ 800, ಬಿಳಿ, ನಾಲ್ಕು ಗೇರು, ಕಾರ್ಬುರೇಟರ್. ಅಪ್ಪ ತೀರ್ಥಹಳ್ಳಿ ಕಡೆ ಹೈಸ್ಕೂಲಲ್ಲಿ ಹಿಂದಿ ಮೇಷ್ಟ್ರಾಗಿದ್ರು, ಪ್ರಾವಿಡೆಂಟ್ ಫಂಡಿಂದ ಸಾಲ ತೆಗೆದು ತಗೊಂಡ ಕಾರು, ಅದಕ್ಕೇ ಊರಲ್ಲಿ ಅದಕ್ಕೆ ಮಾರುತಿ ಅನ್ನೋ ಹೆಸರೇ ಇರ್ಲಿಲ್ಲ, ಮೇಷ್ಟ್ರ ಕಾರು ಅಂತಲೇ. 1983ರ ಡಿಸೆಂಬರಲ್ಲಿ ಇಂದಿರಾ ಗಾಂಧಿ ಮೊದಲ ಮಾರುತಿಯ ಕೀ ಕೊಟ್ಟ ಫೋಟೋನ ಅಪ್ಪ ಪೇಪರಿಂದ ಕತ್ತರಿಸಿ ಹದಿನೈದು ವರ್ಷ ಇಟ್ಕೊಂಡಿದ್ರು, ಕಾರು ತಗೊಂಡ ದಿನ ಅದನ್ನ ಗ್ಲವ್ ಬಾಕ್ಸಲ್ಲಿ ಹಾಕಿದ್ರು. ಈಗ್ಲೂ ಅಲ್ಲೇ ಇದೆ, ಅರ್ಧ ಇಲಿ ತಿಂದಿದೆ. ಅಪ್ಪ ಹೋದಮೇಲೆ ಕಾರು ಎರಡು ಮಳೆಗಾಲ ಊರಲ್ಲಿ ಕೊಟ್ಟಿಗೆ ಪಕ್ಕದ ಶೀಟಿನ ಮಾಡಿನ ಕೆಳಗೆ ಸುಮ್ನೆ ನಿಂತಿತ್ತು. ಪಕ್ಕದಲ್ಲೇ ಅಡಿಕೆ ಸಿಪ್ಪೆ ರಾಶಿ, ಭತ್ತದ ಹೊಟ್ಟು. ಇಲಿಗಳಿಗೆ ಇನ್ನೇನು ಬೇಕು. ಆಮೇಲೆ ಅಮ್ಮ ಒಂದಿನ ಫೋನ್ ಮಾಡಿ "ಆ ಕಾರು ಮಾರೋದಾದ್ರೆ ಮಾರು, ಇಲ್ದಿದ್ರೆ ತಗೊಂಡು ಹೋಗು ಮಾರಾಯ್ತಿ, ನೋಡಿದಾಗೆಲ್ಲಾ ಹೊಟ್ಟೆ ಉರಿಯುತ್ತೆ" ಅಂದಳು. ತಗೊಂಡು ಬಂದೆ.

ಕಾಯಿಲೆಗಳು ಒಂದೊಂದಾಗಿ ಶುರುವಾದ್ವು. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನೋ ಥರ ಬಂದಿದ್ದೇ ತೊಂದರೆ ಆಗಿದ್ದು. ಮೊದಲು ಟೆಂಪರೇಚರ್ ಮುಳ್ಳು. ಹಗಲು ಹೊತ್ತು ಸರಿಯಾಗೇ ಇರೋದು, ರಾತ್ರಿ ಹೆಡ್‌ಲೈಟ್ ಹಾಕಿದ ತಕ್ಷಣ ಮೇಲಕ್ಕೆ ಹೋಗೋದು. ಗ್ಯಾರೇಜಿನವರು (ಹೆಸರು ಬೇಡ) ಥರ್ಮೋಸ್ಟಾಟ್ ಹೋಗಿದೆ ಅಂದ್ರು, ಬದಲಾಯಿಸಿದ್ರು, ಮುಳ್ಳು ಹಾಗೇ. ಆಮೇಲೆ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ. ಬ್ಯಾಟರಿ ಹೋಗಿದೆ ಅಂದ್ರು, ಹೊಸ ಬ್ಯಾಟರಿ. ಹದಿನೈದು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಮೆಟ್ಟಿಲು ಹತ್ತೋ ಮುದುಕರು. ಸ್ಟಾರ್ಟರ್ ಬಿಚ್ಚಿ ಕಾರ್ಬನ್ ಬ್ರಷ್ ಹಾಕಿದ್ರು. ಇನ್ನೊಂದು ದಿನ ರಾತ್ರಿ ಮಂಡಗದ್ದೆ ಹತ್ರ ಹಿಂದೆ ಬರ್ತಿದ್ದ ಲಾರಿಯವನು ಹಾರ್ನ್ ಹೊಡೆದು ಹೊಡೆದು ಓವರ್‌ಟೇಕ್ ಮಾಡಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಏನೋ ಬೈದ, ಗಾಡಿ ನಿಲ್ಲಿಸಿ ನೋಡಿದ್ರೆ ಬ್ರೇಕ್ ಒತ್ತಿದಾಗ ಎಡಗಡೆ ಬ್ರೇಕ್ ಲೈಟ್ ಹತ್ತೋ ಬದಲು ಮುಂದಿನ ಪಾರ್ಕಿಂಗ್ ಲೈಟು, ಡ್ಯಾಶ್‌ಬೋರ್ಡು ಎಲ್ಲಾ ಮಂಕಾಗಿ ಮಿಣುಕ್ತಿದೆ. ಬ್ರೇಕಿಗೂ ಡ್ಯಾಶ್‌ಬೋರ್ಡಿಗೂ ಏನ್ ಸಂಬಂಧ? ದೆವ್ವ ಹೊಕ್ಕಿದೆ ಅನ್ನಬಹುದಿತ್ತು, ಫಿಸಿಕ್ಸ್ ಲೆಕ್ಚರರ್ ಆಗಿದ್ದಕ್ಕೆ ಅನ್ನೋ ಹಾಗಿಲ್ಲ.

ಅಲ್ಲಿಗೆ ಏಳೆಂಟು ಸಾವಿರ ಕೈಬಿಟ್ಟಿತ್ತು. 2023ಕ್ಕೆ ಆರ್‌ಸಿ ರಿನೀವಲ್ ಬೇರೆ, ಹದಿನೈದು ವರ್ಷ ಆದ ಕಾರಿಗೆ ಐದೈದು ವರ್ಷಕ್ಕೊಮ್ಮೆ ಮಾಡಿಸ್ಬೇಕಲ್ಲ, ಮೊದಲು 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲಿಂದ 5000 ಆಗಿತ್ತು. ಲೈಟೇ ಸರಿಯಿಲ್ದೆ ಗಾಡಿ ತೋರ್ಸೋಕೆ ಹೋಗೋದು ಹೇಗೆ.

ಸರಿ, ನಾನೇ ನೋಡ್ತೀನಿ ಅಂತ ಒಂದು ಭಾನುವಾರ ಕಾಲೇಜ್ ಲ್ಯಾಬಿಂದ ಡಿಜಿಟಲ್ ಮಲ್ಟಿಮೀಟರ್ ತಂದೆ. ಬಾನೆಟ್ ಎತ್ತಿ ಬ್ಯಾಟರಿಗೆ ಹಿಡಿದೆ, 12.6. ಬ್ಯಾಟರಿ ತುಂಬಿದೆ. ಸ್ಟಾರ್ಟರಿನ ದಪ್ಪ ವಯರಿಗೆ ಹಿಡಿದೆ, 12.6. ಫ್ಯೂಸ್ ಬಾಕ್ಸಲ್ಲಿ ಒಂದೊಂದು ಫ್ಯೂಸಿಗೂ ಹಿಡಿದೆ, 12.6, 12.6, 12.6. ಹಿಂದಿನ ಲೈಟಿನ ಹೋಲ್ಡರಲ್ಲಿ ಬ್ರೇಕ್ ವಯರ್ ಹುಡುಕಿ ಬ್ರೇಕ್ ಒತ್ತೋಕೆ ಪಕ್ಕದ ಮನೆ ಹುಡುಗನ್ನ ಕೂರ್ಸಿ ನೋಡಿದೆ, ಅಲ್ಲೂ 12.6. ಎಲ್ಲಾ ಕಡೆ ಕರೆಂಟಿದೆ, ಯಾವುದೂ ಕೆಲಸ ಮಾಡ್ತಿಲ್ಲ. ವಯರಿನ ರೆಸಿಸ್ಟೆನ್ಸ್ ನೋಡೋಣ ಅಂತ ಓಮ್ಸಿಗೆ ತಿರುಗಿಸಿ ನೋಡಿದ್ರೆ 0.3, ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದ್ರೂ 0.3. ಅಂದ್ರೆ ಸೊನ್ನೆ, ಎಲ್ಲಾ ಸರಿ ಇದೆ. ಮಧ್ಯಾಹ್ನ ಮೂರು ಗಂಟೆವರೆಗೂ ಇದೇ ಮಾಡಿ ಮೈಯೆಲ್ಲಾ ಗ್ರೀಸ್ ಮಾಡ್ಕೊಂಡು ಬಾನೆಟ್ ಮುಚ್ಚಿದೆ. ಮಾರ್ಕ್ಸ್ ಕೊಡೋದಾದ್ರೆ ಸ್ಟೆಪ್ಸಿಗೆ ಪೂರ್ತಿ, ಆನ್ಸರಿಗೆ ಸೊನ್ನೆ.

ಸಾಗರ ರೋಡಿನ ಆಟೋ ಕಾಂಪ್ಲೆಕ್ಸಲ್ಲಿ ಒಬ್ರು ಹಳೇ ಎಲೆಕ್ಟ್ರಿಷಿಯನ್ ಸಾಬ್ರಿದ್ದಾರೆ ಅಂತ ನೆನಪಾಗಿದ್ದು ಆಮೇಲೆ. ಅಪ್ಪ ಯಾವಾಗ್ಲೂ ಅವರ ಹತ್ರಾನೇ ಹೋಗ್ತಿದ್ದಿದ್ದು. ಅಪ್ಪ ಅವರ ಹತ್ರ ಶುದ್ಧ ಹಿಂದಿಯಲ್ಲಿ ಮಾತಾಡೋರು, ಅವರು ನಮ್ಮ ಕಡೆ ಉರ್ದುವಲ್ಲಿ, ಅಪ್ಪನ ಹಿಂದಿ ಕೇಳಿ ಸಾಬ್ರಿಗೆ ನಗು, ಸಾಬ್ರ ಮಾತು ಕೇಳಿ ಅಪ್ಪಂಗೆ ವ್ಯಾಕರಣದ ಚಿಂತೆ. ಕಾರು ತಳ್ಳಿ ಸ್ಟಾರ್ಟ್ ಮಾಡ್ಕೊಂಡು ಹೋದೆ. ಗಾಡಿ ನೋಡಿದ ಕೂಡ್ಲೇ "ಮೇಷ್ಟ್ರದ್ದಲ್ವಾ ಇದು" ಅಂದ್ರು. ನಾನು ಮಗಳು ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಹುಡುಗನ್ನ ಕರೆದು ಟೀ ತರೋಕೆ ಕಳ್ಸಿದ್ರು.

ನಾನು ಪೂರ್ತಿ ಕಥೆ ಹೇಳಿದೆ. ಥರ್ಮೋಸ್ಟಾಟು, ಬ್ಯಾಟರಿ, ಸ್ಟಾರ್ಟರು, ದೆವ್ವದ ಬ್ರೇಕ್ ಲೈಟು, 12.6. ಅವರು ಹೂಂ ಹೂಂ ಅಂತ ಟೀ ಕುಡೀತಾ ಇದ್ರು. ಕೊನೆಗೆ ಎದ್ದು ಹೋಗೋವಾಗ ನಾನು ಸುಮ್ನೆ "ಒಂದಿನ ಚೋಕ್ ಕಡ್ಡಿ ಬೇರೆ ಬಿಸಿಯಾಗಿತ್ತು ಸಾಬ್ರೆ" ಅಂದೆ ಅಷ್ಟೇ, ಗ್ಲಾಸ್ ಕೆಳಗಿಟ್ಟು ನಕ್ಕರು. "ಅದನ್ನ ಮೊದಲು ಹೇಳೋದಲ್ವೇನಮ್ಮಾ, ಅರ್ಧ ಗಂಟೆ ಉಳೀತಿತ್ತು."

ಅವರ ಹತ್ರ ಮೀಟರ್ ಇದೆ, ಆದ್ರೆ ಅದು ಡಬ್ಬದ ಒಳಗೆ. ಕೈಯಲ್ಲಿ ಯಾವಾಗ್ಲೂ ಇರೋದು ಒಂದು ಟೆಸ್ಟ್ ಲ್ಯಾಂಪು. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವಯರ್ ಬೆಸುಗೆ ಹಾಕಿ ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಸೈಕಲ್ ಕಡ್ಡಿ ಚೂಪು ಮಾಡಿ ಸಿಗಿಸಿದ್ದು. ನಾನು 12.6 ನೋಡಿದ್ದ ಅದೇ ಬ್ರೇಕ್ ಲೈಟ್ ಹೋಲ್ಡರಿಗೆ ತಂದು ಕ್ಲಿಪ್ಪನ್ನ ಹೋಲ್ಡರಿನ ಕಪ್ಪು ವಯರಿಗೆ ಸಿಗಿಸಿ ಕಡ್ಡಿ ಚುಚ್ಚಿದ್ರು, ಬಲ್ಬಲ್ಲಿ ಕೆಂಡದ ಎಳೆಯೂ ಕಾಣ್ಲಿಲ್ಲ. ಕ್ಲಿಪ್ಪನ್ನ ಮಾತ್ರ ತೆಗೆದು ಡಿಕ್ಕಿಯ ಬೀಗದ ಬರೀ ಕಬ್ಬಿಣಕ್ಕೆ ಸಿಗಿಸಿದ್ರು, ಪಳ್ ಅಂತ ಹತ್ತಿತು. ಅಂದ್ರೆ ಕರೆಂಟ್ ತರೋ ವಯರ್ ಸರಿಯಿದೆ, ಅದನ್ನ ವಾಪಸ್ ಒಯ್ಯೋ ಕಪ್ಪು ವಯರಿನ ದಾರಿ ಕೆಟ್ಟಿದೆ.

ಅಲ್ಲೇ ನಿಂತಲ್ಲೇ ನನಗೆ ನಾಚಿಕೆ ಆಯ್ತು, ಯಾಕಂದ್ರೆ ಇದು ನಾನು ಪಾಠ ಮಾಡೋದೇ. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್ ಇರುತ್ತೆ, ಅಂದ್ರೆ ಅದು ವಯರಿಂದ ಎಳ್ಕೊಳ್ಳೋ ಕರೆಂಟು ಒಂದು ಮೈಕ್ರೋಆಂಪಿಯರ್ ಚಿಲ್ಲರೆ. ವಯರಲ್ಲಿ ಇಪ್ಪತ್ತು ಎಳೆ ಹೋಗಿ ಒಂದೇ ಒಂದು ಎಳೆ ಉಳಿದಿರ್ಲಿ, ಕಿಲುಬು ಹಿಡಿದು ಹೆಸರಿಗಷ್ಟೇ ತಾಗಿಕೊಂಡಿರ್ಲಿ, ಅಷ್ಟು ಕರೆಂಟ್ ಆರಾಮಾಗಿ ದಾಟುತ್ತೆ, ಮೀಟರ್ 12.6 ಅನ್ನುತ್ತೆ. ಸಾಬ್ರ ಬಲ್ಬು ಒಂದೂಮುಕ್ಕಾಲು ಆಂಪಿಯರ್ ಕೇಳುತ್ತೆ. ಅಷ್ಟು ಕೊಡೋ ಯೋಗ್ಯತೆ ವಯರಿಗಿದ್ರೆ ಹತ್ತುತ್ತೆ, ಇಲ್ದಿದ್ರೆ ಇಲ್ಲ. (ಈಗಿನ ಕಾರುಗಳಲ್ಲಿ ಈ ಲ್ಯಾಂಪ್ ಎಲ್ಲಂದ್ರಲ್ಲಿ ಚುಚ್ಚೋಕೆ ಹೋಗ್ಬೇಡಿ, ಇಸಿಯು ಅನ್ನೋ ಕಾರಿನ ಕಂಪ್ಯೂಟರ್ ಸುಟ್ಟು ಹೋದೀತು. ನಮ್ಮ ಕಾರಲ್ಲಿ ಸುಡೋಕೆ ಇಸಿಯು ಇಲ್ಲ.)

ಆಮೇಲೆ ಮುಖ್ಯ ಕಾಯಿಲೆ. ನನ್ನ ಕಾಲೇಜ್ ಮೀಟರನ್ನೇ ಇಸ್ಕೊಂಡು ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ, ಇನ್ನೊಂದು ಇಂಜಿನ್ನಿನ ಬರೀ ಲೋಹಕ್ಕೆ ಒತ್ತಿ ಹಿಡಿದು "ಹೊಡೀರಿ ಸೆಲ್ಫು" ಅಂದ್ರು. ಕಾರಲ್ಲಿ ಇಂಜಿನ್ನಿನ ಲೋಹವೂ ಮೈನಸ್ಸೇ, ಮೈನಸ್ಸಿಗೂ ಮೈನಸ್ಸಿಗೂ ಮಧ್ಯೆ ಏನಿರುತ್ತೆ, ಸೊನ್ನೆ ಇರ್ಬೇಕು, ಹೆಚ್ಚಂದ್ರೆ ಅರ್ಧ ವೋಲ್ಟು. 4.1 ತೋರ್ಸ್ತು. ಸೆಲ್ಫ್ ಹೊಡೆಯೋವಾಗ ಬ್ಯಾಟರಿಯಲ್ಲಿ ಇದ್ದಿದ್ದೇ ಹತ್ತೂಮುಕ್ಕಾಲು ವೋಲ್ಟು, ಅದರಲ್ಲಿ ನಾಲ್ಕು ವಾಪಸ್ ಬರೋ ದಾರಿಯಲ್ಲೇ ಖರ್ಚು. ಸ್ಟಾರ್ಟರಿಗೆ ಉಳಿದಿದ್ದು ಆರೂಮುಕ್ಕಾಲು. ಇನ್ನು ಮೆಟ್ಟಿಲು ಹತ್ತೋದು ಹೇಗೆ.

ಇಂಜಿನ್ನು ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತೆ, ಅದಕ್ಕೂ ಬಾಡಿಗೂ ಲೋಹದ ಸಂಬಂಧ ಅಂತ ಇರೋದು ಒಂದು ದಪ್ಪ ವಯರು, ಅರ್ತ್ ಸ್ಟ್ರಾಪ್ ಅಂತಾರೆ. ಸ್ಟಾರ್ಟರ್ ತಿರುಗ್ಬೇಕಾದ್ರೆ ಚಿಕ್ಕ ಕಾರಲ್ಲೂ ನೂರು ಆಂಪಿಯರ್ ಹತ್ರ ಬೇಕು, ಅಷ್ಟೂ ಈ ಸ್ಟ್ರಾಪ್ ದಾಟಿ ವಾಪಸ್ ಬರ್ಬೇಕು. ನಮ್ಮದು ಮೇಲಿಂದ ನೋಡೋಕೆ ಸರಿಯಾಗೇ ಇತ್ತು. ಸಾಬ್ರು ಬೋಲ್ಟ್ ಬಿಚ್ಚಿ ಬಗ್ಗಿಸಿದ್ರು, ಕಪ್ಪು ಪ್ಲಾಸ್ಟಿಕ್ಕಿನ ಒಳಗಿಂದ ಹಸಿರು ಪುಡಿ ಸುರೀತು. ತಾಮ್ರದ ಕಿಲುಬು, ಹುಣಸೆಹಣ್ಣು ಹಾಕಿ ತಿಕ್ಕದೆ ಬಿಟ್ಟ ಹಂಡೆಯಲ್ಲಿ ಕಾಣುತ್ತಲ್ಲ, ಅದೇ. ಹೀಗೆ ವಾಪಸ್ ಹೋಗೋ ರಾಜಮಾರ್ಗ ಮುಚ್ಚಿದ ಮೇಲೆ ನೂರು ಆಂಪಿಯರ್ ಸುಮ್ನೆ ಕೂರಲ್ಲ, ಇಂಜಿನ್ನಿಂದ ಬಾಡಿಗೆ ಬೇರೆ ಯಾವ ಲೋಹ ತಾಗಿಕೊಂಡಿದೆ ಅಂತ ಹುಡುಕುತ್ತೆ. ಆಕ್ಸಿಲರೇಟರ್ ಕೇಬಲ್ಲು, ಕ್ಲಚ್ ಕೇಬಲ್ಲು, ಸ್ಪೀಡೋಮೀಟರ್ ಕೇಬಲ್ಲು, ಮತ್ತೆ ನಮ್ಮ ಚೋಕ್ ಕೇಬಲ್ಲು. ಸೈಕಲ್ ಬ್ರೇಕಿನ ತಂತಿಯಷ್ಟು ದಪ್ಪದ ಕಬ್ಬಿಣದಲ್ಲಿ ಸ್ಟಾರ್ಟರಿನ ಕರೆಂಟು ಹೋದ್ರೆ ಬಿಸಿ ಆಗದೆ ಇನ್ನೇನಾಗುತ್ತೆ. ಬ್ಯಾಟರಿ ಮೈನಸ್ಸಿಂದ ಇಂಜಿನ್ನಿಗೆ ಬೂಸ್ಟರ್ ಕೇಬಲ್ ಒಂದನ್ನ ಕಚ್ಚಿಸಿ ಮತ್ತೆ ಹೊಡೀರಿ ಅಂದ್ರು. ಕೀ ತಿರುಗ್ಸಿದ ಅರ್ಧ ಸೆಕೆಂಡಿಗೆ ಗಾಡಿ ಶುರು. ಅಪ್ಪ ಇದ್ದಾಗ ಶುರುವಾಗ್ತಿದ್ದ ಹಾಗೆ.

ಟೆಂಪರೇಚರ್ ಮುಳ್ಳಿನ ಕಥೆಯೂ ಅಲ್ಲೇ ಮುಗೀತು, ಅದನ್ನ ಮಾತ್ರ ನಾನೇ ಬಿಡಿಸಿದೆ ಅಂತ ದಾಖಲೆಗೆ ಹೇಳ್ತೀನಿ. ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಕೂತಿರೋದು ಇಂಜಿನ್ ಮೇಲೆ, ಅದರ ಕರೆಂಟೂ ಇದೇ ಸ್ಟ್ರಾಪಲ್ಲಿ ಓಡಾಡ್ಬೇಕು. ಆಲ್ಟರ್ನೇಟರಿಗೇ ಹಿಡಿದು ನೋಡಿದ್ರೆ 14.2, ಬ್ಯಾಟರಿಯಲ್ಲಿ 12.9 ಅಷ್ಟೇ. ಬ್ಯಾಟರಿಗೆ ಹೊಟ್ಟೆ ತುಂಬಾ ಊಟವೇ ಸಿಗ್ತಿರ್ಲಿಲ್ಲ, ಹಳೇ ಬ್ಯಾಟರಿ ಹಾಗೇ ಸತ್ತಿದ್ದು. ಟೆಂಪರೇಚರ್ ಸೆನ್ಸರಿಗೆ ಅರ್ತ್ ಸಿಗೋದೂ ಇಂಜಿನ್ನಿಂದಲೇ. ಹೆಡ್‌ಲೈಟ್ ಹಾಕಿದಾಗ ಕರೆಂಟ್ ಜಾಸ್ತಿ, ಸ್ಟ್ರಾಪಲ್ಲಿ ಕಳೆಯೋ ವೋಲ್ಟೇಜ್ ಜಾಸ್ತಿ, ಇಂಜಿನ್ನು ಬಾಡಿಗಿಂತ ಒಂದು ವೋಲ್ಟ್ ಕೆಳಗೆ ಹೋದ್ರೆ ಆ ಒಂದು ವೋಲ್ಟನ್ನ ಮುಳ್ಳು ಬಿಸಿ ಅಂತ ಓದುತ್ತೆ. ಇಂಜಿನ್ ತಣ್ಣಗೇ ಇತ್ತು. ಥರ್ಮೋಸ್ಟಾಟ್ ದುಡ್ಡು ಹೋಯ್ತು.

ಈ ಅರ್ತ್ ಅನ್ನೋ ಪದಾನೇ ನಮಗೆ ಮೋಸ ಮಾಡೋದು ಅನ್ಸುತ್ತೆ. ಊರಮನೆಯಲ್ಲಿ ಅರ್ತ್ ಅಂದ್ರೆ ಬಚ್ಚಲ ಹಿಂದೆ ಗುಂಡಿ ತೋಡಿ ಉಪ್ಪು ಇದ್ದಿಲು ಹಾಕಿ ಹೂತ ಪೈಪು, ಬೇಸಿಗೆಯಲ್ಲಿ ಅಪ್ಪ ವಾರಕ್ಕೊಂದ್ಸಲ ಅದಕ್ಕೆ ಎರಡು ಕೊಡ ನೀರು ಹೊಯ್ಯೋರು, ತುಳಸಿಗೆ ಹೊಯ್ದ ಮೇಲೆ ಅದಕ್ಕೆ. ನಾಲ್ಕು ರಬ್ಬರ್ ಟೈರಿನ ಮೇಲೆ ನಿಂತ ಕಾರಿಗೆ ನೆಲದ ಸಂಬಂಧವೇ ಇಲ್ಲ, ಅದರ ಅರ್ತ್ ಅಂದ್ರೆ ಅದರದ್ದೇ ಮೈ. ತಗಡು, ಬೋಲ್ಟು, ಇಂಜಿನ್ನು, ಎಲ್ಲಾ ಸೇರಿ ಒಂದು ದೊಡ್ಡ ಮೈನಸ್ ವಯರು. ಪ್ಲಸ್ಸಿಗೆ ಬಣ್ಣಬಣ್ಣದ ವಯರಿದೆ, ಫ್ಯೂಸಿದೆ, ಸ್ವಿಚ್ಚಿದೆ, ಹುಡುಕೋರೆಲ್ಲಾ ಅಲ್ಲೇ ಹುಡುಕ್ತಾರೆ, ನಾನೂ ಅಲ್ಲೇ ಹುಡುಕಿದ್ದು. ಮೈನಸ್ಸಿಗೆ ಏನಿದೆ, ಬಣ್ಣ ಬಳಿದ ತಗಡಿಗೆ ಒತ್ತಿದ ಒಂದು ಸ್ಕ್ರೂ. ಮಲೆನಾಡಿನ ಮಳೆಗಾಲದಲ್ಲಿ ಆ ಸ್ಕ್ರೂ ಕೆಳಗೆ ತುಕ್ಕು ಹಿಡೀತು ಅಂದ್ರೆ ಮುಗೀತು. "ಅರ್ತ್ ಇಲ್ದಿದ್ರೆ ಏನೂ ಅರ್ಥ ಆಗಲ್ಲ" ಅಂತ ಸಾಬ್ರು ಹೇಳಿದ್ರು. ಈ ಜೋಕನ್ನ ಅವರು ಅಪ್ಪಂಗೂ ಹೇಳಿರ್ತಾರೆ, ಅಪ್ಪ ಖಂಡಿತ ನಕ್ಕಿರಲ್ಲ, ಅರ್ಥ ಸಂಸ್ಕೃತ, ಅರ್ತ್ ಇಂಗ್ಲಿಷು ಅಂತ ತಿದ್ದಿರ್ತಾರೆ.

ಹೊಸ ಸ್ಟ್ರಾಪನ್ನ ಅವರೇ ಮಾಡಿದ್ರು. 25 ಸ್ಕ್ವೇರ್ ಎಂಎಂ ತಾಮ್ರದ ವಯರನ್ನ ಒಂದೂವರೆ ಅಡಿ ಕತ್ತರಿಸಿ, ಎರಡು ತುದಿಗೂ ಬೋಲ್ಟಿಗೆ ಸಿಗಿಸೋ ಲಗ್ ಹಾಕಿ, ಜಜ್ಜಿ, ಮೇಲೆ ಬೆಸುಗೆ ಬಿಟ್ಟು. ಹಾಕೋ ಮೊದಲು ಇಂಜಿನ್ ಕಡೆ, ಬಾಡಿ ಕಡೆ ಎರಡೂ ಜಾಗ ಎಮರಿ ಪೇಪರಲ್ಲಿ ತಿಕ್ಕೋಕೆ ನನಗೇ ಕೊಟ್ರು. ಬೆಳ್ಳಿ ಥರ ಹೊಳೀಬೇಕು, ಬಣ್ಣದ ಒಂದು ಚುಕ್ಕೆ ಇರ್ಬಾರ್ದು ಅಂದ್ರು. ಹತ್ತು ನಿಮಿಷ ತಿಕ್ಕಿದೆ, ಬೋಲ್ಟ್ ಬಿಗಿ ಮಾಡಿ ಮೇಲೆ ವ್ಯಾಸಲಿನ್ ಬಳಿದ್ವಿ. ತಿಕ್ಕೋವಾಗ ನೆನಪಾಗಿದ್ದು ನಮ್ಮ ಲ್ಯಾಬ್ ರೆಕಾರ್ಡು. ಮೀಟರ್ ಬ್ರಿಡ್ಜ್ ಪ್ರಯೋಗದ ಕೊನೆಯಲ್ಲಿ ಪ್ರಿಕಾಷನ್ಸ್ ಅಂತ ಬರೆಸ್ತೀವಿ, ಅದರ ಮೊದಲನೇ ಸಾಲು, ವಯರಿನ ತುದಿಗಳನ್ನ ಸ್ಯಾಂಡ್ ಪೇಪರಿಂದ ಉಜ್ಜಿ ಸ್ವಚ್ಛ ಮಾಡಬೇಕು, ಕನೆಕ್ಷನ್ ಬಿಗಿಯಾಗಿರಬೇಕು. ವರ್ಷಕ್ಕೆ ನೂರಿಪ್ಪತ್ತು ರೆಕಾರ್ಡಿಗೆ ಸಹಿ ಹಾಕ್ತೀನಿ. ಯಾರೂ ಉಜ್ಜಲ್ಲ, ನಾನೂ ಉಜ್ಜಿಸಲ್ಲ, ಬರೆಯದಿದ್ರೆ ಅರ್ಧ ಮಾರ್ಕ್ಸ್ ಕಟ್ ಮಾಡ್ತೀನಿ. 4.1 ವೋಲ್ಟನ್ನ ನೂರು ಆಂಪಿಯರಿಂದ ಭಾಗಿಸಿ ನೋಡಿ, 0.04 ಓಮ್ ಬರುತ್ತೆ. ಇಷ್ಟೆಲ್ಲಾ ರಗಳೆ ಮಾಡಿದ್ದು ಇಷ್ಟು. ನನ್ನ ಮೀಟರಿನ ಕಡ್ಡಿಗಳದ್ದೇ ಇದರ ಏಳು ಪಟ್ಟು ರೆಸಿಸ್ಟೆನ್ಸ್ ಇತ್ತು, ಅದು ಇದನ್ನ ಎಲ್ಲಿಂದ ಕಂಡೀತು.

ದೆವ್ವದ ಬ್ರೇಕ್ ಲೈಟು ಮಾರನೇ ವಾರಕ್ಕೆ ಉಳೀತು. ಅದನ್ನ ಸಾಬ್ರು ಎದುರು ಕೂತು ಹೇಳ್ತಾ ಹೋದ್ರು, ಕೈ ನಂದು. ಹಿಂದಿನ ಬಲ್ಬಲ್ಲಿ ಎರಡು ಫಿಲಮೆಂಟ್ ಇರುತ್ತೆ, ಬ್ರೇಕಿಗೆ 21 ವ್ಯಾಟು, ಪಾರ್ಕಿಂಗಿಗೆ 5 ವ್ಯಾಟು, ಎರಡಕ್ಕೂ ವಾಪಸ್ ಹೋಗೋ ದಾರಿ ಒಂದೇ. ಆ ಒಂದೇ ದಾರಿ ಹೋದ್ರೆ, ಬ್ರೇಕ್ ಒತ್ತಿದಾಗ ದೊಡ್ಡ ಫಿಲಮೆಂಟಿಗೆ ಬಂದ ಕರೆಂಟು ಹೊರಗೆ ಹೋಗೋಕಾಗದೆ ಚಿಕ್ಕ ಫಿಲಮೆಂಟಿನ ಒಳಗೆ ತಿರುಗಿ ನುಗ್ಗುತ್ತೆ, ಅಲ್ಲಿಂದ ಪಾರ್ಕಿಂಗ್ ಲೈನ್ ಹಿಡ್ಕೊಂಡು ಉಲ್ಟಾ ಓಡುತ್ತೆ, ಆ ಲೈನಲ್ಲಿ ಮುಂದಿನ ಪಾರ್ಕಿಂಗ್ ಲೈಟಿದೆ, ಡ್ಯಾಶ್‌ಬೋರ್ಡಿನ ಲೈಟಿದೆ, ಅವುಗಳ ಅರ್ತ್ ಸರಿ ಇರೋದ್ರಿಂದ ಅವುಗಳ ಮೂಲಕ ಮನೆ ಸೇರುತ್ತೆ. ದಾರೀಲಿ ಸಿಕ್ಕಿದವರನ್ನೆಲ್ಲಾ ಸ್ವಲ್ಪ ಸ್ವಲ್ಪ ಹತ್ತಿಸ್ಕೊಂಡು. "ಗದ್ದೆ ನೀರಿದ್ದ ಹಾಗಮ್ಮಾ, ತೂಬು ಕಟ್ಟಿದ್ರೆ ಪಕ್ಕದವನ ಅಂಚು ಒಡೀತದೆ" ಅಂದ್ರು. ಇಷ್ಟು ಚೆನ್ನಾಗಿರೋ ಸರ್ಕ್ಯೂಟ್ ಪ್ರಶ್ನೆ ನಾನು ಯಾವ ಪೇಪರಲ್ಲೂ ನೋಡಿಲ್ಲ. ಈ ವರ್ಷ ಪ್ರಿಪರೇಟರಿಗೆ ಹಾಕಿದ್ದೆ, ಒಬ್ಬಳು ಬಿಡಿಸಿದ್ಲು, ಅವಳ ಅಪ್ಪನದ್ದು ಟಾಟಾ ಏಸ್ ಇದೆಯಂತೆ.

ಕಪ್ಪು ವಯರ್ ಹಿಡ್ಕೊಂಡು ಅದು ಎಲ್ಲಿ ಬಾಡಿಗೆ ಸೇರುತ್ತೆ ಅಂತ ಹೋಗ್ಬೇಕಿತ್ತು. ಡಿಕ್ಕಿಯ ಎಡಗಡೆ ಹಾರ್ಡ್‌ಬೋರ್ಡಿನ ಪಟ್ಟಿ ಬಿಚ್ಚಿದೆ. ಒಳಗೆ ಇಲಿ ಗೂಡು, ಹೊಟ್ಟು, ಸೀಟಿನ ಸ್ಪಂಜು, ಹಳೇ ಬಸ್ ಟಿಕೆಟ್ ಚೂರು. ಅದನ್ನೆಲ್ಲಾ ಕೆದಕಿದ್ರೆ ಕೆಳಗೆ ಒಂದು ವಯರಿನ ಜಾಯಿಂಟು, ಇನ್ಸುಲೇಷನ್ ಟೇಪ್ ಅಲ್ಲ, ಗಾಯಕ್ಕೆ ಸುತ್ತೋ ಬಿಳೀ ಪ್ಲಾಸ್ಟರು. ಅದರ ಮೇಲೆ ಬಾಲ್ ಪೆನ್ನಲ್ಲಿ ದುಂಡಗೆ, "ಎಡ ಬ್ರೇಕ್. ಸ್ವತಃ. 12-8-2006."

ಸ್ವತಃ ಅಂತೆ. ಸಾಬ್ರ ಹತ್ರ ಹೋಗ್ಲಿಲ್ಲ, ನಾನೇ ಮಾಡಿದ್ದು ಅನ್ನೋದಕ್ಕೆ ಒಂದು ಷರಾ. ಅಪ್ಪ ಮನೆಯಲ್ಲಿ ಉಪ್ಪಿನಕಾಯಿ ಭರಣಿ ಮೇಲೂ ತಾರೀಕು ಬರೆದು ಅಂಟಿಸೋರು, ಆದ್ರೂ ಇಲ್ಲಿ, ಹಾರ್ಡ್‌ಬೋರ್ಡಿನ ಹಿಂದೆ, ಯಾರು ಓದ್ತಾರೆ ಅಂತ ಬರೆದ್ರೋ. ತೊಂದರೆ ಇಲ್ಲೇ ಇರ್ಬೇಕು, ಕತ್ತರಿಸಿ ಹೊಸ ಜಾಯಿಂಟ್ ಹಾಕೋಣ್ವಾ ಅಂದೆ. ಸಾಬ್ರು ಕನ್ನಡಕ ಏರ್ಸ್ಕೊಂಡು ನೋಡಿದ್ರು, ಪ್ಲಾಸ್ಟರಿನ ಎರಡು ಕಡೆ ಲ್ಯಾಂಪಿನ ಕಡ್ಡಿ ಚುಚ್ಚಿ ನೋಡಿದ್ರು, ಎರಡು ಕಡೆಯೂ ಒಂದೇ ಬೆಳಕು. "ಚೆನ್ನಾಗಿ ಬೆಸುಗೆ ಹಾಕಿದ್ದಾರೆ, ಇದಕ್ಕೇನೂ ಆಗಿಲ್ಲ, ಬಿಡಿ" ಅಂದ್ರು. ಕೆಟ್ಟಿದ್ದು ಅಲ್ಲಿಂದ ಒಂದು ಗೇಣು ಕೆಳಗೆ, ಕಂಪನಿಯಿಂದ ಬಂದ ಸ್ಕ್ರೂ ಹತ್ರ, ತುಕ್ಕಿನ ಉಂಡೆ ಆಗಿತ್ತು. ಇಪ್ಪತ್ತೈದು ವರ್ಷ ಆಯ್ತಲ್ಲ, ಅದನ್ನೂ ಬಯ್ಯೋ ಹಾಗಿಲ್ಲ. ತಿಕ್ಕಿ ಹೊಸ ಲಗ್ ಹಾಕಿ ಬಿಗಿ ಮಾಡಿದೆ. ಪ್ಲಾಸ್ಟರ್ ಹಾಗೇ ಇದೆ.

ಆದ್ರೂ ಬ್ಯಾಟರಿ ಇಳಿಯೋದು ಪೂರ್ತಿ ನಿಂತಿರ್ಲಿಲ್ಲ. ಶುಕ್ರವಾರ ಸಂಜೆ ನಿಲ್ಲಿಸಿದ್ರೆ ಸೋಮವಾರ ಬೆಳಿಗ್ಗೆ ಸೆಲ್ಫ್ ಟಿಕ್ ಅಂತ ಅಷ್ಟೇ. ಇದನ್ನ ನಾನೊಬ್ಬಳೇ ಹಿಡಿದೆ. ಮೈನಸ್ ಕೇಬಲ್ ಬಿಚ್ಚಿ ಮಧ್ಯದಲ್ಲಿ ಮೀಟರನ್ನ 10 ಆಂಪಿಯರ್ ಸಾಕೆಟ್ಟಿಗೆ ಹಾಕಿ ಸೀರೀಸಲ್ಲಿ ಸೇರಿಸ್ಬೇಕು. ಮೊದಲನೇ ಸಲ ಮಿಲಿಆಂಪಿಯರ್ ಸಾಕೆಟ್ಟಲ್ಲೇ ಬಿಟ್ಟು ಬಾಗಿಲು ತೆಗೆದು ಲೈಟ್ ಸ್ವಿಚ್ ಮುಟ್ಟಿಬಿಟ್ಟೆ, ಕಾಲೇಜ್ ಮೀಟರಿನ ಒಳಗಿನ ಫ್ಯೂಸ್ ಢಂ. ಎರಡನೇ ಸಲ ಸರಿಯಾಗಿ ನೋಡಿದ್ರೆ ಎಲ್ಲಾ ಆಫ್ ಇದ್ದಾಗ 0.38 ಆಂಪಿಯರ್ ಹೋಗ್ತಾ ಇದೆ. ಇಂಥ ಹಳೇ ಕಾರಲ್ಲಿ 0.05ಕ್ಕಿಂತ ಕಮ್ಮಿ ಇರ್ಬೇಕು. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನ ತನಕ ಅಂದ್ರೆ ಅರವತ್ತೆರಡು ಗಂಟೆ, ಗುಣಿಸಿದ್ರೆ ಇಪ್ಪತ್ತಮೂರೂವರೆ ಆಂಪಿಯರ್ ಅವರ್, ನಮ್ಮ ಬ್ಯಾಟರಿ ಇರೋದೇ ಮೂವತ್ತೈದರದ್ದು. ಲೆಕ್ಕ ಸರಿಹೋಯ್ತು.

ಒಂದೊಂದೇ ಫ್ಯೂಸ್ ಕೀಳ್ತಾ ಮೀಟರ್ ನೋಡ್ತಾ ಹೋದೆ. ಯಾವ ಫ್ಯೂಸ್ ಕಿತ್ತಾಗ ಇಳಿಯುತ್ತೋ ಆ ಲೈನಲ್ಲಿ ಕಳ್ಳ ಇರ್ತಾನೆ. ಇಲ್ಲೊಂದು ಬೇರೆ ವಿಷಯ ಸಿಕ್ತು. ಒಂದು ಜಾಗದಲ್ಲಿ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ರು. ಅಪ್ಪ ಸಿಗರೇಟ್ ಸೇದ್ತಿರ್ಲಿಲ್ಲ, ಯಾವುದೋ ಗ್ಯಾರೇಜಿನ ಕೈ. ಫ್ಯೂಸ್ ಇರೋದು ರೇಡಿಯೋನೋ ಬಲ್ಬನ್ನೋ ಕಾಪಾಡೋಕೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ, ಅದು ಕಾಪಾಡೋದು ವಯರನ್ನ. ಬೆಳ್ಳಿ ಕಾಗದ ಸುತ್ತಿದ್ರೆ ಫ್ಯೂಸ್ ಬದಲು ಡ್ಯಾಶ್‌ಬೋರ್ಡ್ ಹಿಂದಿನ ವಯರೇ ಫ್ಯೂಸ್ ಆಗುತ್ತೆ. ಕಾರು ಹೊತ್ತಿ ಉರೀತು ಅಂತ ಪೇಪರಲ್ಲಿ ಓದಿದಾಗೆಲ್ಲಾ ನನಗೆ ಈಗ ಈ ಕಾಗದಾನೇ ಕಣ್ಮುಂದೆ ಬರೋದು. ಕಿತ್ತು ಬಿಸಾಕಿ ನೀಲಿ 15ರದ್ದು ಹಾಕಿದೆ.

ಎಲ್ಲಾ ಫ್ಯೂಸ್ ಕಿತ್ತಾಯ್ತು, ಮೀಟರ್ ಅಲ್ಲಾಡ್ಲಿಲ್ಲ, 0.38. ಅಂದ್ರೆ ಕಳ್ಳ ಫ್ಯೂಸ್ ಬಾಕ್ಸಿನ ಬಾಗಿಲಿಂದ ಬಂದೇ ಇಲ್ಲ, ನೇರ ಬ್ಯಾಟರಿಯಿಂದ ವಯರ್ ಎಳ್ಕೊಂಡಿದ್ದಾನೆ. ಅಷ್ಟೊತ್ತಿಗೆ ಕತ್ತಲಾಗಿತ್ತು, ಟಾರ್ಚ್ ಬಾಯಲ್ಲಿ ಕಚ್ಕೊಂಡು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿದ್ದೆ, ಕಾಲು ಬಾಗಿಲ ಹೊರಗೆ. ಸಾಕು ನಾಳೆ ನೋಡೋಣ ಅಂತ ಕೈ ಎಳ್ಕೊಳ್ಳೋವಾಗ ಒಂದು ಕಪ್ಪು ಡಬ್ಬಿಗೆ ಬೆರಳು ತಾಗಿತು, ಬೆಚ್ಚಗಿತ್ತು. ಈ ಸಲ ನಾನು ಆ ಬೆಚ್ಚಗಿದ್ದಿದ್ದನ್ನ ಬಿಟ್ಟು ಬಸ್ಸಿಗೆ ಓಡ್ಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಯಾವುದೋ ಆಕ್ಸೆಸರಿ ಅಂಗಡಿಯಲ್ಲಿ ಹಾಕಿಸಿದ ಸೈರನ್ ಅಲಾರಂ. ಸೈರನ್ ನಾನು ಡಿಗ್ರಿ ಓದೋವಾಗಲೇ ಸತ್ತಿತ್ತು, ಡಬ್ಬಿ ಮಾತ್ರ ಒಳಗೆ ನೀರು ಕುಡಿದು ಎರಡು ರಿಲೇ (ಕರೆಂಟಿಂದ ಕೆಲಸ ಮಾಡೋ ಸ್ವಿಚ್ಚು) ಸದಾ ಎಳ್ಕೊಂಡು ಕೂತಿತ್ತು. ವಯರಿಗೆ ವಯರ್ ಸುಮ್ನೆ ಹೊಸೆದು ಟೇಪ್ ಸುತ್ತಿದ್ದು, ಟೇಪಿನ ಅಂಟೆಲ್ಲಾ ಕರಗಿ ಬೆಲ್ಲದ ಪಾಕ ಆಗಿತ್ತು. ಕಿತ್ತೆ. ಮೀಟರ್ 0.01. ರಾತ್ರಿ ಎಂಟೂವರೆಗೆ ರೋಡಲ್ಲಿ ಮಲಗಿಕೊಂಡೇ ಒಬ್ಬಳೇ ನಕ್ಕಿದ್ದು ನೋಡಿ ಎದುರು ಮನೆಯವರು ಏನಂದ್ಕೊಂಡ್ರೋ.

ಹೆಡ್‌ಲೈಟಿಗೆ ರಿಲೇ ಹಾಕಿದ ಕಥೆ ಉದ್ದ ಮಾಡಲ್ಲ. ಬಲ್ಬಿನ ಹತ್ರ 10.9 ಬರ್ತಿತ್ತು, ಸ್ಟೇರಿಂಗ್ ಪಕ್ಕದ ಸ್ವಿಚ್ಚಿನ ಹಳೇ ಪಾಯಿಂಟುಗಳಲ್ಲೇ ಮಿಕ್ಕಿದ್ದು ಕಳೀತಿತ್ತು, ರಿಲೇ ಹಾಕಿ ಬ್ಯಾಟರಿಯಿಂದ ನೇರ ಫ್ಯೂಸ್ ಸಮೇತ ಲೈನ್ ಕೊಟ್ಟಮೇಲೆ 13.2. ಫಿಲಮೆಂಟ್ ಬಲ್ಬಿಗೆ ವೋಲ್ಟೇಜ್ 10% ಕಮ್ಮಿ ಆದ್ರೆ ಬೆಳಕು 30% ಹತ್ರ ಕಮ್ಮಿ ಆಗುತ್ತೆ, ಆ ಲೆಕ್ಕದಲ್ಲಿ ನಾನು ಇಷ್ಟು ದಿನ ಅರ್ಧ ಬೆಳಕಲ್ಲಿ ತೀರ್ಥಹಳ್ಳಿ ರೋಡಿನ ಮಂಜಲ್ಲಿ ಓಡಾಡಿದ್ದೀನಿ. ಇಲಿಗೆ ಬಾನೆಟ್ ಒಳಗೆ ಹೊಗೆಸೊಪ್ಪಿನ ಗಂಟು ಕಟ್ಟಿದ್ದೀನಿ, ಎಲ್ರೂ ಹೇಳ್ತಾರೆ ಅಂತ. ಇಲಿ ಬಂದಿಲ್ಲ, ಆದ್ರೆ ಗಾಡಿ ಬಿಸಿಯಾದ್ರೆ ಒಳಗೆ ಬೀಡಿ ಕಾರ್ಖಾನೆ ವಾಸನೆ.

ಆರ್‌ಸಿ ಆಯ್ತು. ಈಗ ಉಳಿದಿರೋದು ಒಂದೇ. ಸ್ಟೇರಿಂಗನ್ನ ಪೂರ್ತಿ ಎಡಕ್ಕೆ ತಿರುಗ್ಸಿದ್ರೆ ಹಾರ್ನ್ ತಾನೇ ಒಂದು ಸಣ್ಣ ಪೀಂ ಅನ್ನುತ್ತೆ. ಹಾರ್ನಿಗೆ ಪ್ಲಸ್ ಯಾವಾಗ್ಲೂ ಬಂದು ನಿಂತಿರುತ್ತೆ, ನಾವು ಒತ್ತೋ ಬಟನ್ ಮಾಡೋ ಕೆಲಸ ಅದಕ್ಕೆ ಅರ್ತ್ ಕೊಡೋದು ಅಷ್ಟೇ. ಸ್ಟೇರಿಂಗ್ ಕಂಬದ ಒಳಗೆಲ್ಲೋ ಆ ವಯರಿನ ಮೈ ಸವೆದು ಎಡಕ್ಕೆ ತಿರುಗಿದಾಗ ಲೋಹಕ್ಕೆ ತಾಗ್ತಾ ಇದೆ. ಇಷ್ಟು ದಿನದ ಕಾಯಿಲೆಯೆಲ್ಲಾ ಅರ್ತ್ ಸಿಗದೇ ಇದ್ದಿದ್ದು, ಇದು ಬೇಡದ ಕಡೆ ಸಿಕ್ಕಿದ್ದು. ಸ್ಟೇರಿಂಗ್ ಬಿಚ್ಚಿ ನೋಡ್ಬೇಕು, ಅರ್ಧ ದಿನದ ಕೆಲಸ. ಹೋದ ತಿಂಗಳು ಊರಿಗೆ ಹೋದಾಗ, ಈ ಸಲ ದಸರಾ ರಜೆಯಲ್ಲಿ ಸರಿ ಮಾಡ್ತೀನಿ ಅಂದೆ. ನಮ್ಮನೆ ಗೇಟಿಗೆ ತಿರುಗೋದು ಪೂರ್ತಿ ಎಡಕ್ಕೇ, ಕಾಂಪೌಂಡಿನ ಹಲಸಿನ ಮರ ತಪ್ಪಿಸ್ಕೊಂಡು.

"ಅದಕ್ಯಾಕೆ ಕೈ ಹಾಕ್ತೀಯ, ಇರ್ಲಿ ಬಿಡೇ" ಅಂದಳು ಅಮ್ಮ. "ಪೀಂ ಅಂದ ಕೂಡ್ಲೇ ಕಾಫಿಗೆ ಇಡ್ತೀನಿ, ನೀನು ಕೈಕಾಲು ತೊಳೆಯೋದ್ರೊಳಗೆ ಆಗಿರುತ್ತೆ."